ಬಿಗಿದ ನಲ್ಲಿಗೆ ಬಲ ಬೇಡ: ಅಡುಗೆಮನೆಯ ಸಿಂಕಿನ ಬಗ್ಗೆ ಓದುಗರ ಪ್ರಶ್ನೆಗಳು

ಕೋಲಾರದಿಂದ ಓದುಗರೊಬ್ಬರ ಪ್ರಶ್ನೆ: ನಮ್ಮ ಅಡುಗೆಮನೆಯ ಸಿಂಕಿನ ಮೇಲೆ ಗೋಡೆಗೆ ಕೂರಿಸಿದ, ಹಂಸದ ಕೊರಳಿನಂತೆ ಬಾಗಿದ ಮೂತಿಯ ನಲ್ಲಿಯೊಂದಿದೆ. ಹಾಕಿಸಿ ಒಂಬತ್ತು ವರ್ಷವಾಯಿತು. ಹಿಡಿಕೆಯನ್ನು ಅರ್ಧ ಸುತ್ತು ತಿರುಗಿಸಿದರೆ ಪೂರ್ತಿ ತೆರೆದುಕೊಳ್ಳುವ ಬಗೆಯದು. ಆರು ತಿಂಗಳಿಂದ ಅದು ತೀರ ಬಿಗಿಯಾಗಿದೆ. ಕೈಗಂಟುಗಳ ನೋವಿರುವ ನಮ್ಮ ಅತ್ತೆಯವರು ಸೆರಗು ಸುತ್ತಿಕೊಂಡು ಎರಡೂ ಕೈಯಿಂದ ತಿರುಗಿಸಬೇಕಾಗಿದೆ. ನೀರು ಸೋರುವುದಿಲ್ಲ. ನಮ್ಮದು ಬೋರ್‌ವೆಲ್ ನೀರು. ನೋಡಲು ಬಂದ ಕೆಲಸಗಾರರು ನಲ್ಲಿಯನ್ನೇ ಬದಲಿಸಬೇಕು ಎಂದರು. ಮನೆಯಲ್ಲೇ ಸರಿಪಡಿಸಿಕೊಳ್ಳಲು ಸಾಧ್ಯವೇ?

ಉತ್ತರ: ಸಾಧ್ಯ. ಹಾಗೆ ಧೈರ್ಯವಾಗಿ ಹೇಳಲು ನಿಮ್ಮ ಪತ್ರದಲ್ಲಿಯೇ ಎರಡು ಆಧಾರಗಳಿವೆ: ನಲ್ಲಿ ಅರ್ಧ ಸುತ್ತಿನದು, ಮತ್ತು ಅದು ಸೋರುತ್ತಿಲ್ಲ. ಸೋರದ ನಲ್ಲಿ ಬಿಗಿಯಾಗಿದೆಯೆಂದರೆ ನೀರನ್ನು ತಡೆಯುವ ಭಾಗ ಇನ್ನೂ ಕೆಟ್ಟಿಲ್ಲ, ತಿರುಗುವ ಭಾಗದಲ್ಲಿ ಮಾತ್ರ ಜಿಡ್ಡು ಒಣಗಿದೆ ಅಥವಾ ಉಪ್ಪು ಕಟ್ಟಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಹಿತ್ತಾಳೆಯ ಮೈ, ಬಾಗಿದ ಮೂತಿ, ಗೋಡೆಯ ಜೋಡಣೆ ಎಲ್ಲವೂ ಗಟ್ಟಿಮುಟ್ಟಾಗಿರುವಾಗ ಹೆಬ್ಬೆರಳಿನ ಗಾತ್ರದ ಒಂದು ಒಳಭಾಗಕ್ಕಾಗಿ ಇಡೀ ನಲ್ಲಿಯನ್ನು ಕಿತ್ತುಹಾಕುವುದು ಬೇಡದ ಖರ್ಚು.

ಮೊದಲು ಒಂದು ಕೋರಿಕೆ. ಈ ಸಂಚಿಕೆ ನಿಮ್ಮ ಕೈಸೇರಿದ ದಿನದಿಂದಲೇ ಆ ನಲ್ಲಿಗೆ ಬಲ ಹಾಕುವುದನ್ನು ನಿಲ್ಲಿಸಿ. ಇಕ್ಕಳದಿಂದ ಹಿಡಿಕೆಯನ್ನು ತಿರುಗಿಸುವುದನ್ನಂತೂ ಮಾಡಲೇಬೇಡಿ. ಹಿಡಿಕೆಗೂ ಒಳಗಿನ ಕಡ್ಡಿಗೂ ಇರುವ ಹಿಡಿತವೆಲ್ಲ ಅಕ್ಕಿಕಾಳಿಗಿಂತ ಸಣ್ಣ ಹಲ್ಲುಗಳದ್ದು. ಬಲ ಹೆಚ್ಚಾದಂತೆ ಆ ಹಲ್ಲುಗಳು ಸವೆದು, ಕೊನೆಗೊಂದು ದಿನ ಹಿಡಿಕೆ ಸುಮ್ಮನೆ ಸುತ್ತುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಗೋಡೆಯೊಳಗಿನ ಪೈಪಿನ ತಿರುಪು ಅಲುಗಿ ಟೈಲ್ಸಿನ ಹಿಂದೆ ನೀರು ಜಿನುಗತೊಡಗುವುದು. ಪಕ್ಕದ ಕೋಣೆಯ ಗೋಡೆಯ ಬಣ್ಣ ಉಬ್ಬುವವರೆಗೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಳಗೆ ಏನಿದೆ ಎಂಬುದು ತಿಳಿದರೆ ಮುಂದಿನ ಕೆಲಸ ಸಲೀಸು. ಅರ್ಧ ಸುತ್ತಿನ ನಲ್ಲಿಯಲ್ಲಿ, ಅಂಗಡಿಯವರು ಸ್ಪಿಂಡಲ್ ಅಥವಾ ಕಾರ್ಟ್ರಿಜ್ ಎಂದು ಕರೆಯುವ ಬಿಡಿಭಾಗದ ತಳದಲ್ಲಿ, ಒಂದು ರೂಪಾಯಿಯ ನಾಣ್ಯಕ್ಕಿಂತ ಚಿಕ್ಕದಾದ ಎರಡು ಸಿರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಕೆಳಗಿನದು ಅಲುಗದು, ಮೇಲಿನದು ಹಿಡಿಕೆಯೊಂದಿಗೆ ತಿರುಗುತ್ತದೆ. ಎರಡರ ಕಂಡಿಗಳೂ ಒಂದೇ ನೇರಕ್ಕೆ ಬಂದಾಗ ನೀರು ಹರಿಯುತ್ತದೆ, ಪಕ್ಕಕ್ಕೆ ಸರಿದಾಗ ನಿಲ್ಲುತ್ತದೆ. ಅಲ್ಯೂಮಿನಿಯಂ ಆಕ್ಸೈಡಿನಿಂದ ಮಾಡಿದ ಈ ಬಿಲ್ಲೆಗಳ ಮುಖ ಎಷ್ಟು ನಯವೆಂದರೆ ನಡುವೆ ರಬ್ಬರು ಇಲ್ಲದೆಯೂ ಒಂದು ಹನಿ ದಾಟುವುದಿಲ್ಲ. ಆ ನಯವೇ ಮುಂದೆ ತೊಡಕಾಗುವುದೂ ಉಂಟು. ತಯಾರಿಸುವಾಗ ಅವುಗಳ ನಡುವೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿರುತ್ತಾರೆ. ವರ್ಷಗಟ್ಟಲೆ ನೀರು ಹರಿದು ಅದು ತೊಳೆದುಹೋದ ಮೇಲೆ, ಒದ್ದೆಯಾದ ಎರಡು ಗಾಜಿನ ಹಲಗೆಗಳು ಅಂಟಿಕೊಳ್ಳುವಂತೆ ಬಿಲ್ಲೆಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ.

ಇದರ ಮೇಲೆ ನಿಮ್ಮ ಊರಿನ ನೀರಿನ ಗುಣವೂ ಸೇರಿಕೊಂಡಿದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರದ ಸೀಮೆಯಲ್ಲಿ ಆಳದ ಬೋರ್‌ವೆಲ್ ನೀರನ್ನೇ ನೆಚ್ಚಬೇಕಾಗಿ ಬಂದಿದೆ, ಆ ನೀರು ಬಂಡೆಯ ಸಂದಿಗಳಲ್ಲಿ ನಿಂತು ಸುಣ್ಣದ ಅಂಶವನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಕುಡಿಯುವ ನೀರಿಗಾಗಿ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪ್ರಕಟಿಸಿದ ಐಎಸ್ 10500 ಮಾನದಂಡದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಒಪ್ಪಬಹುದು. ಆ ಮೇಲಿನ ಅಂಚಿನ ನೀರು ತುಂಬಿದ ಸಾವಿರ ಲೀಟರಿನ ತೊಟ್ಟಿಯಲ್ಲಿ ಸುಣ್ಣದ ಲೆಕ್ಕಕ್ಕೆ 600 ಗ್ರಾಂ ಕರಗಿರುತ್ತದೆ. ಅದೆಲ್ಲ ನಲ್ಲಿಯಲ್ಲಿ ಉಳಿಯುವುದಿಲ್ಲ, ನಿಜ. ಆದರೆ ಪ್ರತಿ ಸಲ ನಲ್ಲಿ ಮುಚ್ಚಿದಾಗ ಸಂದಿಯಲ್ಲಿ ಉಳಿದ ಹನಿ ಆರಿ ಬಿಳಿಯ ಪೊರೆಯಾಗುತ್ತದೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಸಿಂಕಿನ ಸ್ಪಿಂಡಲ್ ಬಿಚ್ಚಿದಾಗ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಾಣುವಂಥದೇ ಒರಟು ಬಿಳಿ ಉಂಗುರವೊಂದು ಕಡ್ಡಿಯ ಬುಡವನ್ನು ಸುತ್ತಿಕೊಂಡಿತ್ತು, ಉಗುರಿಗೆ ಮರಳುಕಾಗದದಂತೆ ತಾಗುತ್ತಿತ್ತು.

ಈಗ ಕೆಲಸಕ್ಕೆ ಬರೋಣ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಸ್ಕ್ರೂಡ್ರೈವರ್, ಬಾಯಿಯ ಅಗಲ ಹೊಂದಿಸಿಕೊಳ್ಳಬಹುದಾದ ಸ್ಕ್ರೂ ಸ್ಪ್ಯಾನರ್, ಹಳೆಯ ಹಲ್ಲುಜ್ಜುವ ಬ್ರಷ್, ಅರ್ಧ ಲೀಟರ್ ಬೆಚ್ಚಗಿನ ನೀರಿನಲ್ಲಿ ಕದಡಿದ ಒಂದು ದೊಡ್ಡ ಚಮಚ ನಿಂಬೆ ಉಪ್ಪು, ಮತ್ತು ಸಿಲಿಕೋನ್ ಗ್ರೀಸಿನ ಸಣ್ಣ ಟ್ಯೂಬು. ಗ್ರೀಸ್ ಕೊಳ್ಳುವಾಗ ಕುಡಿಯುವ ನೀರಿಗೆ ಬಳಸಬಹುದು ಎಂದು ಅದರ ಮೇಲೆ ಬರೆದಿದೆಯೇ ಎಂದು ನೋಡಿಕೊಳ್ಳಿ. ನೀರು ತುಂಬಿಟ್ಟುಕೊಂಡು, ಬಿಡುವಿರುವ ಮಧ್ಯಾಹ್ನ ಕೆಲಸಕ್ಕೆ ಕೂರುವುದು ಒಳ್ಳೆಯದು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಲ್ಲಿ ಬಿಚ್ಚಬಾರದು.

ನಿಮ್ಮದು ಗೋಡೆಯ ನಲ್ಲಿಯಾದ್ದರಿಂದ ಸಿಂಕಿನ ಕೆಳಗೆ ನೀರು ನಿಲ್ಲಿಸಲು ಅದಕ್ಕೆಂದೇ ಬೇರೆ ಕಾಕ್ ಇರಲಾರದು. ಮಹಡಿಯ ಮೇಲಿನ ತೊಟ್ಟಿಯಿಂದ ಇಳಿಯುವ ಪೈಪಿನ ಗೇಟ್ ವಾಲ್ವನ್ನು ಮುಚ್ಚಿ, ಗೀಸರ್ ಆರಿಸಿ, ನಲ್ಲಿಯನ್ನು ತೆರೆದು ಪೈಪಿನಲ್ಲಿ ಉಳಿದ ನೀರು ಪೂರ್ತಿ ಇಳಿಯಲು ಬಿಡಿ. ಸಿಂಕಿನ ತೂತಿಗೆ ಒಂದು ಬಟ್ಟೆಯನ್ನು ತುರುಕಿಡಿ. ಕೈತಪ್ಪಿದ ತಿರುಪು ಚರಂಡಿಯ ಪಾಲಾದರೆ ಅಷ್ಟಕ್ಕೇ ಕೆಲಸ ನಿಲ್ಲುತ್ತದೆ. ಹಿಡಿಕೆಯ ನೆತ್ತಿಯ ಮೇಲೆ ಅಥವಾ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಗುಂಡಿಯೊಂದಿರುತ್ತದೆ. ಅದನ್ನು ಚಾಕುವಿನ ತುದಿಯಿಂದ ಮೆಲ್ಲನೆ ಮೀಟಿದರೆ ಕೆಳಗೆ ತಿರುಪು ಕಾಣುತ್ತದೆ. ತಿರುಪು ತೆಗೆದು ಹಿಡಿಕೆಯನ್ನು ನೇರವಾಗಿ ನಿಮ್ಮತ್ತ ಎಳೆಯಿರಿ. ಬರದಿದ್ದರೆ ಸುತ್ತಿಗೆಯಿಂದ ಬಡಿಯದೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಸುತ್ತಿಟ್ಟು, ಆಮೇಲೆ ಎಡಕ್ಕೂ ಬಲಕ್ಕೂ ಅಲುಗಿಸುತ್ತಾ ಎಳೆಯಿರಿ.

ಇಲ್ಲಿ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಹಿಡಿಕೆ ತೆಗೆದ ಮೇಲೆ ಹೊರಗೆ ಕಾಣುವ ಹಲ್ಲುಕಡ್ಡಿಯನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಹಗುರವಾಗಿ ಹಿಡಿದು ತಿರುಗಿಸಿ ನೋಡಿ. ಅದು ಸರಾಗವಾಗಿ ತಿರುಗಿದರೆ ಸ್ಪಿಂಡಲಿನಲ್ಲಿ ದೋಷವೇ ಇಲ್ಲ. ಹಿಡಿಕೆಯ ಒಳಮೈಯಲ್ಲಿ ಕಟ್ಟಿದ ಉಪ್ಪು ನಲ್ಲಿಯ ಮೈಗೆ ಉಜ್ಜುತ್ತಿದೆ, ಅಥವಾ ಹಿಡಿಕೆಯನ್ನು ತೀರ ಒಳಕ್ಕೆ ಒತ್ತಿ ಕೂರಿಸಲಾಗಿದೆ. ಆಗ ಹಿಡಿಕೆಯನ್ನು ತೊಳೆದು ಮತ್ತೆ ಹಾಕಿದರೆ ಕೆಲಸ ಮುಗಿಯಿತು. ಈ ಎರಡು ನಿಮಿಷದ ಪರೀಕ್ಷೆಯನ್ನು ಬಿಟ್ಟು ಹೊಸ ಸ್ಪಿಂಡಲ್ ಕೊಂಡವರು ಅನೇಕರಿದ್ದಾರೆ.

ಕಡ್ಡಿಯೇ ಬಿಗಿಯಾಗಿದ್ದರೆ ಸ್ಪಿಂಡಲನ್ನು ಹೊರತೆಗೆಯಬೇಕು. ಒಂದು ಕೈಯಲ್ಲಿ ನಲ್ಲಿಯ ಮೈಯನ್ನು ಭದ್ರವಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸ್ಪ್ಯಾನರಿನಿಂದ ಸ್ಪಿಂಡಲಿನ ಆರು ಮೂಲೆಯ ಭಾಗವನ್ನು ಅಪ್ರದಕ್ಷಿಣವಾಗಿ ತಿರುಗಿಸಿ. ನಲ್ಲಿಯ ಮೈಯನ್ನು ಹಿಡಿಯದೆ ತಿರುಗಿಸಿದರೆ ನಲ್ಲಿಯೇ ಗೋಡೆಯಿಂದ ಕಳಚಿಕೊಳ್ಳತೊಡಗುತ್ತದೆ. ಹೊರಬಂದ ಸ್ಪಿಂಡಲಿನ ತಳದಲ್ಲಿ ರಬ್ಬರಿನ ಉಂಗುರ, ಅದರ ಹಿಂದೆ ಒಂದು ಬಿಲ್ಲೆ, ಅದರ ಹಿಂದೆ ಇನ್ನೊಂದು ಬಿಲ್ಲೆ ಇರುತ್ತವೆ. ಒಂದೊಂದನ್ನು ತೆಗೆಯುವ ಮುನ್ನವೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ತೆಗೆದ ಕ್ರಮದಲ್ಲೇ ತಟ್ಟೆಯ ಮೇಲೆ ಸಾಲಾಗಿ ಇಡಿ.

ರಬ್ಬರನ್ನು ಬಿಟ್ಟು ಉಳಿದ ಭಾಗಗಳನ್ನು ನಿಂಬೆ ಉಪ್ಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ಬಿಳಿ ಪೊರೆ ಸುಣ್ಣದ್ದೇ ಆಗಿದ್ದರೆ ಸಣ್ಣ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಬ್ರಷ್‌ನಿಂದ ಉಜ್ಜಿ, ಒಳ್ಳೆಯ ನೀರಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಬಿಲ್ಲೆಯ ಮುಖಕ್ಕೆ ಚಾಕು, ಸ್ಟೀಲ್ ನಾರು, ಮರಳುಕಾಗದ ಯಾವುದನ್ನೂ ತಾಗಿಸಬಾರದು, ಏಕೆಂದರೆ ಮುಖಕ್ಕೆ ಗೀರು ಬಿದ್ದರೆ ಅಥವಾ ಬಿಲ್ಲೆಯ ಅಂಚು ಚಕ್ಕೆಯೆದ್ದರೆ ನಲ್ಲಿ ಶಾಶ್ವತವಾಗಿ ತೊಟ್ಟಿಕ್ಕುತ್ತದೆ. ಶೌಚಾಲಯ ತೊಳೆಯುವ ಆಮ್ಲವನ್ನು ಇದಕ್ಕೆ ಬಳಸುವವರಿದ್ದಾರೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಹೊಳಪಿನ ಕ್ರೋಮ್ ಲೇಪವನ್ನು ಕೆಡಿಸುತ್ತದೆ, ಹಿತ್ತಾಳೆಯನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಬೆರೆತರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ. ನಿಂಬೆ ಉಪ್ಪನ್ನೂ ಬ್ಲೀಚಿನೊಂದಿಗೆ ಸೇರಿಸಬಾರದು.

ಒಣಗಿದ ಬಿಲ್ಲೆಗಳ ಮುಖಕ್ಕೆ ಗ್ರೀಸನ್ನು ಬೆರಳಿಗೆ ಜಿಡ್ಡು ತಿಳಿಯುವಷ್ಟು ಮಾತ್ರ ಸವರಿ, ಕಡ್ಡಿಯನ್ನು ಸುತ್ತಿದ ರಬ್ಬರಿನ ಬಳೆಯಾದ ಓ-ರಿಂಗಿಗೂ ಸ್ವಲ್ಪ ಹಚ್ಚಿ, ಚಿತ್ರ ನೋಡಿಕೊಂಡು ಕ್ರಮವಾಗಿ ಜೋಡಿಸಿ. ಸ್ಪಿಂಡಲನ್ನು ನಲ್ಲಿಯೊಳಗೆ ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ತಿರುಪು ಓರೆಯಾಗಿ ಹತ್ತಿದರೆ ಬೆರಳಿಗೆ ಕೂಡಲೇ ತಿಳಿಯುತ್ತದೆ, ಸ್ಪ್ಯಾನರಿಗೆ ತಿಳಿಯುವುದಿಲ್ಲ. ಕೊನೆಯ ಕಾಲು ಸುತ್ತನ್ನು ಮಾತ್ರ ಸ್ಪ್ಯಾನರಿನಿಂದ ಬಿಗಿಮಾಡಿ. ಗೇಟ್ ವಾಲ್ವನ್ನು ನಿಧಾನವಾಗಿ ತೆರೆದು ಹತ್ತು ನಿಮಿಷ ಕಾದು ನೋಡಿ.

ಇಷ್ಟಾದರೂ ಬಿಗಿ ಹೋಗದಿದ್ದರೆ ಹೊಸ ಸ್ಪಿಂಡಲ್ ತರಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಹಲ್ಲುಗಳ ಸಂಖ್ಯೆ ಕೆಲವಕ್ಕೆ 20, ಕೆಲವಕ್ಕೆ 24 ಇರುತ್ತದೆ. ಉದ್ದ ಬೇರೆ ಬೇರೆ. ಎಡಕ್ಕೆ ತೆರೆಯುವುದೂ ಇದೆ, ಬಲಕ್ಕೆ ತೆರೆಯುವುದೂ ಇದೆ. ಈ ಮೂರನ್ನೂ ಹೋಲಿಸಿ ನೋಡದೆ ತಂದದ್ದು ಮನೆಗೆ ಬಂದ ಮೇಲೆ ಹೊಂದುವುದಿಲ್ಲ. ಇದರ ಬೆಲೆ ಹೊಸ ನಲ್ಲಿಯ ಬೆಲೆಯಲ್ಲಿ ಒಂದು ಸಣ್ಣ ಪಾಲು.

ನಿಮ್ಮ ಅತ್ತೆಯವರ ವಿಷಯವಾಗಿ ಇನ್ನೊಂದು ಮಾತು. ನಲ್ಲಿ ಸರಿಹೋದ ಮೇಲೂ ಗುಂಡನೆಯ ಹಿಡಿಕೆಯನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದೇ ತಿರುಗಿಸಬೇಕಾಗುತ್ತದೆ. ಗಂಟುನೋವಿನವರಿಗೆ ನೋಯುವುದೇ ಆ ಹಿಡಿತದಿಂದ. ಅದೇ ಸ್ಪಿಂಡಲಿನ ಹಲ್ಲಿಗೆ ಹೊಂದುವ ಉದ್ದನೆಯ ಕೈಯುಳ್ಳ ಹಿಡಿಕೆಗಳು ಬಿಡಿಯಾಗಿ ಸಿಗುತ್ತವೆ. ಅಂಥದನ್ನು ಹಾಕಿದರೆ ಅಂಗೈಯಿಂದಲೋ ಮೊಣಕೈಯಿಂದಲೋ ತಳ್ಳಿದರೂ ಸಾಕು. ಈ ಒಂದು ಖರ್ಚನ್ನು ಮಾತ್ರ ಮುಂದೂಡದೆ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಮೈಸೂರಿನ ನಿವೃತ್ತ ಶಿಕ್ಷಕರೊಬ್ಬರ ಪ್ರಶ್ನೆ: ನಮ್ಮದು ಹಳೆಯ ಕಾಲದ ಮನೆ. ಅಡುಗೆಮನೆಯಲ್ಲಿ ತಂದೆಯವರು ಹಾಕಿಸಿದ ಭಾರವಾದ ಹಿತ್ತಾಳೆ ನಲ್ಲಿಯೇ ಇನ್ನೂ ಇದೆ. ನಾಲ್ಕು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುತ್ತದೆ. ಕಡ್ಡಿಯ ಬುಡದಲ್ಲಿ ನೀರು ಒಸರುತ್ತಿತ್ತೆಂದು ಅಲ್ಲಿರುವ ನಟ್ಟನ್ನು ಬಿಗಿಮಾಡಿದೆ. ಒಸರುವುದು ನಿಂತಿತು, ಆದರೆ ಈಗ ತಿರುಗಿಸಲು ಆಗುತ್ತಿಲ್ಲ. ಈ ನಲ್ಲಿಯನ್ನು ತೆಗೆಯಲು ನನಗೆ ಮನಸ್ಸಿಲ್ಲ.

ಉತ್ತರ: ತೆಗೆಯುವ ಅಗತ್ಯವೂ ಇಲ್ಲ. ಇಂಗ್ಲೆಂಡಿನಲ್ಲಿ 1845ರಲ್ಲಿ ಪೇಟೆಂಟ್ ಪಡೆದ ತಿರುಪಿನ ನಲ್ಲಿಯ ವಂಶಕ್ಕೆ ಸೇರಿದ್ದು ನಿಮ್ಮದು. ಅದರ ಒಂದೊಂದು ಭಾಗವನ್ನೂ ಬಿಚ್ಚಿ, ಬದಲಿಸಿ, ಮತ್ತೆ ಜೋಡಿಸಬಹುದು. ಇಂದಿನ ಅನೇಕ ನಲ್ಲಿಗಳಿಗೆ ಈ ಗುಣವಿಲ್ಲ.

ನೀವು ಬಿಗಿಮಾಡಿದ್ದು ಗ್ಲ್ಯಾಂಡ್ ನಟ್ಟು. ಅದರ ಕೆಳಗೆ ಕಡ್ಡಿಯನ್ನು ಸುತ್ತಿಕೊಂಡು ಜಿಡ್ಡು ಹಚ್ಚಿದ ನೂಲಿನ ಸುತ್ತೊಂದಿರುತ್ತದೆ. ನೀರು ಕಡ್ಡಿಯ ಪಕ್ಕದಿಂದ ಮೇಲೇರದಂತೆ ತಡೆಯುವುದು ಅದರ ಕೆಲಸ. ಆ ನೂಲು ಒಣಗಿ ಕುಗ್ಗಿದ್ದರಿಂದ ನೀರು ಒಸರಿತು. ಒಣಗಿದ ನೂಲನ್ನೇ ನೀವು ಒತ್ತಿದ್ದರಿಂದ ಅದು ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಮೊದಲು ನಟ್ಟನ್ನು ಎಂಟನೆಯ ಒಂದು ಸುತ್ತಿನಷ್ಟು ಸಡಿಲಿಸಿ ನೋಡಿ. ಹಿಡಿಕೆ ಹಗುರವಾಗಿ, ನೀರೂ ಒಸರದಿದ್ದರೆ ಅಲ್ಲಿಗೇ ಬಿಡಿ.

ಒಸರಿದರೆ ಹೊಸ ಸುತ್ತು ಹಾಕಬೇಕು. ಮನೆಯ ನೀರನ್ನು ನಿಲ್ಲಿಸಿ, ಹಿಡಿಕೆ ತೆಗೆದು, ಗ್ಲ್ಯಾಂಡ್ ನಟ್ಟನ್ನು ಕಡ್ಡಿಯ ಮೇಲಕ್ಕೆ ಪೂರ್ತಿ ಬಿಚ್ಚಿ, ಒಳಗಿನ ಕಪ್ಪಾದ ಹಳೆಯ ನೂಲನ್ನು ದಬ್ಬಳದ ತುದಿಯಿಂದ ಚೂರೂ ಬಿಡದಂತೆ ಕೆದಕಿ ತೆಗೆಯಿರಿ. ಸುಮಾರು ಒಂದು ಗೇಣುದ್ದದ ಟೆಫ್ಲಾನ್ ಟೇಪನ್ನು ದೇವರ ದೀಪಕ್ಕೆ ಬತ್ತಿ ಹೊಸೆಯುವಂತೆ ಹೊಸೆದು ದಾರ ಮಾಡಿಕೊಳ್ಳಿ. ಆ ದಾರಕ್ಕೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ, ಕಡ್ಡಿಯ ಸುತ್ತ ಪ್ರದಕ್ಷಿಣವಾಗಿ, ಅಂದರೆ ನಟ್ಟು ಬಿಗಿಯಾಗುವ ದಿಕ್ಕಿನಲ್ಲೇ, ಎರಡು ಮೂರು ಸುತ್ತು ಸುತ್ತಿ ಒಳಕ್ಕೆ ಒತ್ತಿ. ಎದುರು ದಿಕ್ಕಿಗೆ ಸುತ್ತಿದರೆ ನಟ್ಟು ಇಳಿಯುವಾಗ ದಾರ ಬಿಚ್ಚಿಕೊಳ್ಳುತ್ತದೆ. ನಟ್ಟನ್ನು ಬೆರಳಿನಿಂದ ಬಿಗಿಮಾಡಿ, ನೀರು ಬಿಟ್ಟು, ಒಸರುವುದು ನಿಲ್ಲುವಷ್ಟೇ ಸ್ಪ್ಯಾನರ್ ತಿರುಗಿಸಿ. ಹಿಡಿಕೆಯನ್ನು ಮೂರು ಬೆರಳಲ್ಲಿ ತಿರುಗಿಸಲು ಆಗಬೇಕು, ಅದೇ ಅಳತೆ.

ನಲ್ಲಿಯನ್ನು ಬಿಚ್ಚಿರುವಾಗಲೇ ಬುಡದ ವಾಷರನ್ನೂ ನೋಡಿಬಿಡಿ. ವಾಷರು ಕಲ್ಲಿನಂತೆ ಗಟ್ಟಿಯಾಗಿದ್ದರೆ ನಲ್ಲಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ನಲ್ಲಿಯನ್ನು ಮನೆಮಂದಿಯೆಲ್ಲ ಇನ್ನಷ್ಟು ಅದುಮಿ ಮುಚ್ಚುತ್ತಾರೆ. ಅದುಮಿದಷ್ಟೂ ಕಡ್ಡಿಯ ತಿರುಪಿನ ಹಲ್ಲು ಸವೆದು ನಲ್ಲಿ ಮತ್ತಷ್ಟು ಬಿಗಿಯಾಗುತ್ತದೆ. ತಿರುಪಿನ ನಲ್ಲಿಗಳು ಹಾಳಾಗುವುದು ಬಹುತೇಕ ಈ ಹಾದಿಯಲ್ಲೇ. ಅತ್ಯಂತ ಅಗ್ಗದ ಈ ರಬ್ಬರಿನ ಬಿಲ್ಲೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ನಿಮ್ಮ ತಂದೆಯವರ ನಲ್ಲಿ ಇನ್ನೂ ಬಹುಕಾಲ ಬಾಳುತ್ತದೆ.

ಸಾಗರದಿಂದ ಓದುಗರೊಬ್ಬರ ಪ್ರಶ್ನೆ: ಬಿಗಿಯಾಗಿದ್ದ ನಲ್ಲಿಗೆ ಕೊಬ್ಬರಿಎಣ್ಣೆ ಬಿಟ್ಟೆವು. ಒಂದು ವಾರ ಸಲೀಸಾಗಿತ್ತು. ಈಗ ಬೆಳಗಿನ ಹೊತ್ತು ಮೊದಲಿಗಿಂತ ಬಿಗಿ, ಮಧ್ಯಾಹ್ನ ಸ್ವಲ್ಪ ಸಡಿಲ. ಹೀಗೇಕೆ?

ಉತ್ತರ: ಕೊಬ್ಬರಿಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗ್ಗೆ ನಿಮ್ಮ ಮನೆಯ ಎಣ್ಣೆ ಸೀಸೆಯಲ್ಲಿ ಏನಾಗಿರುತ್ತದೆಯೋ ನಲ್ಲಿಯ ಒಳಗೂ ಅದೇ ಆಗಿದೆ. ದಿನ ಕಳೆದಂತೆ ಆ ಎಣ್ಣೆ ಕಮಟು ಹಿಡಿದು, ಧೂಳನ್ನೂ ನೀರಿನ ಕಸರನ್ನೂ ಸೇರಿಸಿಕೊಂಡು ಅಂಟಾಗುತ್ತದೆ. ಪೆಟ್ರೋಲಿಯಂ ಜೆಲ್ಲಿ, ಹೊಲಿಗೆ ಯಂತ್ರದ ಎಣ್ಣೆ, ವಾಹನಗಳ ಗ್ರೀಸ್ ಇವೂ ಸಲ್ಲವು. ನಲ್ಲಿಯಲ್ಲಿ ಬಳಸುವ ಕೆಲವು ಬಗೆಯ ರಬ್ಬರು ಖನಿಜ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಅಲ್ಲದೆ ನಾವು ಅನ್ನಕ್ಕೆ ಇಡುವ ನೀರು ಅದರ ಮೂಲಕವೇ ಹರಿದು ಬರುತ್ತದೆ. ಒಳಭಾಗವನ್ನು ಬಿಚ್ಚಿ, ಪಾತ್ರೆ ತೊಳೆಯುವ ಸಾಬೂನಿನ ಬಿಸಿನೀರಿನಲ್ಲಿ ಎಣ್ಣೆಯನ್ನು ಪೂರ್ತಿ ಬಿಡಿಸಿ, ಒಣಗಿಸಿ, ಮೇಲೆ ಹೇಳಿದಂತೆ ಸಿಲಿಕೋನ್ ಗ್ರೀಸ್ ಹಚ್ಚಿ.

ಬೆಂಗಳೂರಿನಿಂದ ಓದುಗರೊಬ್ಬರ ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಸಿಂಕಿಗೆ ಬಿಸಿನೀರು, ತಣ್ಣೀರು ಎರಡಕ್ಕೂ ಒಂದೇ ಹಿಡಿಕೆಯ ಮಿಕ್ಸರ್ ಇದೆ. ಹಿಡಿಕೆ ಬಿಗಿಯಾಗಿದೆಯೆಂದು ಕಾರ್ಟ್ರಿಜ್ ಬದಲಿಸಿಕೊಂಡೆವು. ಹೊಸದು ಹಾಕಿದ ಮೇಲೂ ಹಿಡಿಕೆ ಬಿಗಿಯಾಗಿಯೇ ಇದೆ; ಜೊತೆಗೆ ಈಗ ನೀರು ಸಣ್ಣಗೆ ಬರುತ್ತಿದೆ. ಬಾಗಿದ ಮೂತಿಯನ್ನು ಪಕ್ಕಕ್ಕೆ ಸರಿಸುವುದೂ ಕಷ್ಟ.

ಉತ್ತರ: ನಿಮ್ಮದು ಮೂರು ಬೇರೆ ಬೇರೆ ತೊಂದರೆ.

ಒಂದೇ ಹಿಡಿಕೆಯ ಮಿಕ್ಸರ್‌ಗಳ ಕಾರ್ಟ್ರಿಜ್ ಸಾಮಾನ್ಯವಾಗಿ 35 ಅಥವಾ 40 ಮಿಲಿಮೀಟರ್ ಅಡ್ಡಳತೆಯದು. ಅದನ್ನು ಮೇಲಿನಿಂದ ಒತ್ತಿ ಹಿಡಿಯಲು ಹಿತ್ತಾಳೆಯ ಅಗಲವಾದ ನಟ್ಟು ಇರುತ್ತದೆ. ಈ ನಟ್ಟನ್ನು ಹೆಚ್ಚು ಬಿಗಿಮಾಡಿದರೆ ಒಳಗಿನ ಬಿಲ್ಲೆಗಳು ಒಂದರ ಮೇಲೊಂದು ಒತ್ತಿಕೊಂಡು ಹೊಚ್ಚಹೊಸ ಕಾರ್ಟ್ರಿಜ್ ಕೂಡ ಅಲುಗದಂತಾಗುತ್ತದೆ. ಸಿಂಕಿನ ಕೆಳಗಿನ ಎರಡೂ ಆಂಗಲ್ ಕಾಕ್‌ಗಳನ್ನು ಮುಚ್ಚಿ. ಹಿಡಿಕೆಯಲ್ಲಿರುವ ಕೆಂಪು ನೀಲಿ ಗುರುತಿನ ಗುಂಡಿಯನ್ನು ಮೀಟಿದರೆ ಒಳಗೆ ಪುಟ್ಟ ತಿರುಪು ಸಿಗುತ್ತದೆ. ಅದಕ್ಕೆ ಅಲೆನ್ ಕೀ, ಅಂದರೆ ಆರು ಮೂಲೆಯ ಬಾಗಿದ ಕಡ್ಡಿ ಬೇಕು, ಬಹಳಷ್ಟು ನಲ್ಲಿಗಳಿಗೆ 2.5 ಮಿಲಿಮೀಟರಿನದು ಹೊಂದುತ್ತದೆ. ಹಿಡಿಕೆ, ಆಮೇಲೆ ಗುಮ್ಮಟದಂಥ ಮುಚ್ಚಳ ತೆಗೆದು, ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಾ ಹಿಡಿಕೆಯನ್ನು ಕಡ್ಡಿಗೆ ಸಿಕ್ಕಿಸಿ ಆಡಿಸಿ ನೋಡಿ. ಹಿಡಿಕೆ ಹಗುರವಾದ ಕಡೆ ನಿಲ್ಲಿಸಿ, ಕಾಕ್ ತೆರೆದು ಸೋರುತ್ತದೆಯೇ ಎಂದು ಪರೀಕ್ಷಿಸಿ. ಸೋರಿದರೆ ಕಾರ್ಟ್ರಿಜ್‌ನ ತಳದ ಎರಡು ಮೊಳೆಗಳು ತಮ್ಮ ಗುಳಿಗಳಲ್ಲಿ ಸರಿಯಾಗಿ ಕುಳಿತಿಲ್ಲ. ಎತ್ತಿ ಮತ್ತೆ ಕೂರಿಸಬೇಕು.

ನೀರು ಸಣ್ಣಗಾಗಿರುವುದಕ್ಕೆ ಮೂತಿಯ ತುದಿಯ ಏರೇಟರ್ ಕಾರಣವಿರಬೇಕು. 2024ರ ಮಾರ್ಚ್‌ನಲ್ಲಿ ನೀರಿನ ತೀವ್ರ ಅಭಾವವಾದಾಗ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟುಗಳೂ ವಾಣಿಜ್ಯ ಕಟ್ಟಡಗಳೂ ಏರೇಟರ್ ಅಳವಡಿಸಬೇಕೆಂದು ಆದೇಶಿಸಿತ್ತು. ಗಾಳಿಯನ್ನು ಬೆರೆಸಿ ನೀರನ್ನು ಉಳಿಸುವ ಒಳ್ಳೆಯ ಸಾಧನವದು. ಆದರೆ ಅದರ ಜಾಲರಿಯ ಕಣ್ಣುಗಳು ಬಹಳ ಸಣ್ಣವು. ಕಾರ್ಟ್ರಿಜ್ ಬದಲಿಸುವಾಗ ಕಿತ್ತುಬಂದ ಸುಣ್ಣದ ಚೂರು, ಟೇಪಿನ ಎಳೆ ಎಲ್ಲವೂ ನೀರಿನೊಂದಿಗೆ ಹೋಗಿ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಕೈಯಿಂದಲೇ ತಿರುಗಿಸಿ ಅದನ್ನು ಬಿಚ್ಚಿ, ಒಂದು ನಿಮಿಷ ನೀರನ್ನು ಜೋರಾಗಿ ಬಿಟ್ಟು ಪೈಪನ್ನು ತೊಳೆದುಕೊಂಡು, ಜಾಲರಿಯನ್ನು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ಉಜ್ಜಿ ಮತ್ತೆ ಹಾಕಿ. ನಲ್ಲಿಯ ಯಾವ ರಿಪೇರಿಯಾದರೂ ಮೊದಲ ನೀರನ್ನು ಏರೇಟರ್ ಇಲ್ಲದೆಯೇ ಬಿಡಬೇಕು.

ಮೂತಿ ಸರಿಯದಿರುವುದಕ್ಕೆ ಅದರ ಬುಡದ ಎರಡು ಓ-ರಿಂಗ್‌ಗಳು ಒಣಗಿರುವುದು ಕಾರಣ. ಬುಡದ ಉಂಗುರ ನಟ್ಟನ್ನೋ ಹಿಂಬದಿಯ ಸಣ್ಣ ತಿರುಪನ್ನೋ ಸಡಿಲಿಸಿ ಮೂತಿಯನ್ನು ಮೇಲಕ್ಕೆ ಎಳೆದರೆ ಅವು ಕಾಣುತ್ತವೆ. ಬಿರಿದಿದ್ದರೆ ಅದೇ ಅಳತೆಯವನ್ನು ತಂದು ಹಾಕಿ, ಇಲ್ಲದಿದ್ದರೆ ಒರೆಸಿ ಗ್ರೀಸ್ ಹಚ್ಚಿ.

ತುಮಕೂರಿನಿಂದ ಓದುಗರೊಬ್ಬರ ಪ್ರಶ್ನೆ: ಎರಡು ಹಿಡಿಕೆಯ ಮಿಕ್ಸರಿನಲ್ಲಿ ಬಿಸಿನೀರಿನ ಕಡೆಯದು ಮಾತ್ರ ಪದೇ ಪದೇ ಬಿಗಿಯಾಗುವುದೇಕೆ?

ಉತ್ತರ: ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಕಾಯಿಸಿದಾಗ ಒಡೆದು ಕರಗದ ಸುಣ್ಣವಾಗುತ್ತದೆ. ಗೀಸರಿನ ಸುರುಳಿಗೆ ಅಂಟುವ ಆ ಪೊರೆಯ ಕಣಗಳೇ ಬಿಸಿನೀರಿನ ಬಿಲ್ಲೆಗಳಿಗೂ ತಲುಪುತ್ತವೆ. ಗೀಸರಿನ ಉಷ್ಣತೆಯನ್ನು ಕಡಿಮೆ ಮಾಡಿದರೆ, ವರ್ಷಕ್ಕೊಮ್ಮೆ ಗೀಸರಿನ ಒಳಗನ್ನು ತೊಳೆಸಿದರೆ ನಲ್ಲಿಯ ತೊಂದರೆಯೂ ತಗ್ಗುತ್ತದೆ.

ಹುಬ್ಬಳ್ಳಿಯಿಂದ ಓದುಗರೊಬ್ಬರ ಪ್ರಶ್ನೆ: ನಲ್ಲಿ ಬಿಚ್ಚೋಣವೆಂದರೆ ಸಿಂಕಿನ ಕೆಳಗಿನ ಆಂಗಲ್ ಕಾಕೇ ಜಾಮ್ ಆಗಿದೆ. ಹತ್ತು ವರ್ಷಗಳಿಂದ ಯಾರೂ ಅದನ್ನು ಮುಟ್ಟಿಲ್ಲ. ಏನು ಮಾಡಬೇಕು?

ಉತ್ತರ: ಅದನ್ನು ಹಾಗೆಯೇ ಬಿಟ್ಟು ಮೊದಲು ತೊಟ್ಟಿಯ ಗೇಟ್ ವಾಲ್ವನ್ನು ಮುಚ್ಚಿ. ನೀರಿನ ಒತ್ತಡವಿರುವಾಗ ಜಾಮ್ ಆದ ಕಾಕನ್ನು ತಿರುಚಿ, ಅದು ಗೋಡೆಯ ಅಂಚಿನಲ್ಲಿ ಮುರಿದರೆ ತೊಟ್ಟಿಯ ನೀರೆಲ್ಲ ಅಡುಗೆಮನೆಯಲ್ಲಿರುತ್ತದೆ. ಗೇಟ್ ವಾಲ್ವೂ ಕದಲದಿದ್ದರೆ, ಮೋಟಾರ್ ಹಾಕುವುದನ್ನು ನಿಲ್ಲಿಸಿ, ಬಟ್ಟೆ ಒಗೆಯುವ ದಿನ ತೊಟ್ಟಿಯ ನೀರು ಬಳಸಿ ಮುಗಿಯುವವರೆಗೆ ಕಾದು ಕೆಲಸ ಮಾಡಿ. ನಿಮ್ಮಲ್ಲಿ ಹಲವು ದಿನಕ್ಕೊಮ್ಮೆ ನೀರು ಬಿಡುವುದಾದರೆ ಮುಂದಿನ ಸರದಿಯ ಹಿಂದಿನ ದಿನವನ್ನೇ ಆರಿಸಿಕೊಳ್ಳಿ. ಹೇಗೂ ತೊಟ್ಟಿ ತಳ ಕಂಡಿರುತ್ತದೆ, ನೀರು ವ್ಯರ್ಥವಾಗುವುದಿಲ್ಲ.

ಒತ್ತಡ ಇಳಿದ ಮೇಲೆ ಕಾಕಿನ ಹಿಡಿಕೆ ತೆಗೆದು, ಕಡ್ಡಿಯ ಬುಡಕ್ಕೆ ನಿಂಬೆ ಉಪ್ಪಿನ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಡಿ. ಆಮೇಲೆ ಹಿಡಿಕೆ ಹಾಕಿ, ಮುಚ್ಚುವ ದಿಕ್ಕಿಗೆ ಒಂದು ಕೂದಲೆಳೆಯಷ್ಟು, ತೆರೆಯುವ ದಿಕ್ಕಿಗೆ ಒಂದು ಕೂದಲೆಳೆಯಷ್ಟು, ಹೀಗೆ ಹಿಂದೆ ಮುಂದೆ ಆಡಿಸುತ್ತಾ ಬನ್ನಿ. ಒಂದೇ ದಿಕ್ಕಿಗೆ ಬಲ ಹಾಕಿದರೆ ಕಡ್ಡಿ ತುಂಡಾಗುತ್ತದೆ. ಹಿಂದೆ ಮುಂದೆ ಆಡಿಸಿದರೆ ಸುಣ್ಣ ಪುಡಿಯಾಗುತ್ತದೆ. ಹತ್ತು ನಿಮಿಷದಲ್ಲಿ ಅಲುಗದಿದ್ದರೆ ಗೋಡೆಯ ಒಳಗಿನ ಕೆಲಸ ಬಲ್ಲ ಪ್ಲಂಬರನ್ನು ಕರೆಸಿ ಕಾಕನ್ನೇ ಬದಲಿಸಿ, ಇದೊಂದನ್ನು ನೀವೇ ಮಾಡಲು ಹೋಗಬೇಡಿ. ಹೊಸದು ಹಾಕಿಸಿದ ಮೇಲೆ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮನೆ ಶುಚಿ ಮಾಡುವಾಗ ಪ್ರತಿಯೊಂದು ಕಾಕನ್ನೂ ಪೂರ್ತಿ ಮುಚ್ಚಿ ತೆರೆಯಿರಿ. ಗೇಟ್ ವಾಲ್ವನ್ನಾದರೆ ಪೂರ್ತಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ. ಆಗ ಅದು ಕೊನೆಯ ತಡೆಗೆ ಕಚ್ಚಿಕೊಂಡು ಕೂರುವುದಿಲ್ಲ.